ಸ್ಕ್ಯಾನ್ ಹಸನಾಗಲಿ, ತೂತು ಉಳಿಯಲಿ

ಪುಣೆ ಬಳಿಯ ಚಾಕಣದ ನಮ್ಮ ತಪಾಸಣೆ ಕೋಣೆಯ ಕಪಾಟಿನಲ್ಲಿ, ನಡುವೆ ಕೊಯ್ದು ಎರಡು ಹೋಳು ಮಾಡಿದ ಅಲ್ಯೂಮಿನಿಯಂ ಕಾಸ್ಟಿಂಗ್, ಅಂದರೆ ಎರಕ ಹೊಯ್ದ ಭಾಗ, ಒಂದಿದೆ. ಆಯಿಲ್ ಪಂಪಿನ ಬಾಡಿ. ಕೊಯ್ದ ಮುಖಕ್ಕೆ ಪಾಲಿಶ್ ಹಿಡಿದಿದ್ದೇವೆ. ಸೋರದಂತೆ ತಡೆಯುವ ರಬ್ಬರ್ ಬಳೆ, ಓ-ರಿಂಗ್, ಕೂರುವ ಗ್ರೂವಿನ ತಳದಲ್ಲಿ ಗಸಗಸೆ ಕಾಳಿಗಿಂತ ಸಣ್ಣದೊಂದು ತೂತು. ಸೂಕ್ಷ್ಮದರ್ಶಕದಲ್ಲಿ ಅಳೆದರೆ 0.6 ಮಿಲಿಮೀಟರ್. ಗಿರಾಕಿಯ ಕಡೆ ಮಷೀನಿಂಗ್ ಆದ ಮೇಲೆ ಆ ತೂತು ಬಾಯಿ ತೆರೆಯಿತು, ಲೀಕ್ ಟೆಸ್ಟ್‌ನಲ್ಲಿ ಗಾಳಿ ಸೋರಿತು, ಮಾಲು ಚಾಕಣಕ್ಕೆ ವಾಪಸು ಬಂತು. ನಮ್ಮ ಮೂಲ ಸಿ.ಟಿ. ಸ್ಕ್ಯಾನಿನಲ್ಲಿ ಆ ತೂತು ಮಸುಕಾಗಿ ಇತ್ತು. ಯಂತ್ರ ಕಲಿಕೆಯ ಮಾದರಿಯಿಂದ ಹಸನು ಮಾಡಿದ ಸ್ಕ್ಯಾನಿನಲ್ಲಿ ಇರಲಿಲ್ಲ. ಆ ಮಾದರಿಯನ್ನು ಕಟ್ಟಿದವನು ನಾನೇ.

ನಮ್ಮ ಸಿ.ಟಿ. ಯಂತ್ರ ನಡೆಸುವವರು ಚಿಕ್ಕೋಡಿ ಕಡೆಯವರು, ಪುಣೆಗೆ ಬಂದು ಮೂವತ್ತು ವರ್ಷವಾಯಿತು. ನಾವೆಲ್ಲ ಅವರನ್ನು ಕಾಕಾ ಎನ್ನುತ್ತೇವೆ. ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಅವರು ಬೈಯಲಿಲ್ಲ. “ತಮ್ಮಾ, ನಿಮ್ಮ ಅವ್ವ ಜೋಳ ಹಸನು ಮಾಡುವುದನ್ನು ನೋಡಿದ್ದೀಯಲ್ಲ? ಮೊರದಲ್ಲಿ ಉಳಿದದ್ದನ್ನಷ್ಟೇ ನೋಡುತ್ತಾಳೋ, ಕೆಳಗೆ ಬಿದ್ದದ್ದರಲ್ಲೂ ಕೈಯಾಡಿಸುತ್ತಾಳೋ?” ಎಂದು ಕೇಳಿದರು.

ಕೈಯಾಡಿಸುತ್ತಾಳೆ. ಭೋಸರಿಯ ನಮ್ಮ ಮನೆಯಲ್ಲಿ ಅವ್ವ ಈಗಲೂ ಮಂಗಳವೇಢೆಯ ಮಾಲದಂಡಿ ಜೋಳ ತರಿಸುತ್ತಾಳೆ. ಕೇರಿದ ಮೇಲೆ ಹಳೆಯ ಪೇಪರಿನ ಮೇಲೆ ಬಿದ್ದ ಜೊಳ್ಳನ್ನು ಬೆರಳಿನಿಂದ ಹರಡಿ, ನಾಲ್ಕಾರು ಕಾಳು ಹೆಕ್ಕಿ ಮತ್ತೆ ಮೊರಕ್ಕೆ ಹಾಕುತ್ತಾಳೆ. ನಾನು ಎರಡು ತಿಂಗಳು ಕೂತು ಮಾದರಿ ಕಟ್ಟಿದ್ದೆ, ಜೊಳ್ಳನ್ನು ಒಮ್ಮೆಯೂ ನೋಡಿರಲಿಲ್ಲ. ಆ ಪೆಟ್ಟು ತಿಂದ ಮೇಲೆ ನಾವು ಹಿಡಿದ ದಾರಿಯನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಓದುವವರಿಗೆ ಪೈಥಾನ್ ಒಂದಿಷ್ಟು ಬರುತ್ತದೆ, ಸಿ.ಟಿ. ಯಂತ್ರವೊಂದು ಕೈಗೆ ಸಿಗುತ್ತದೆ ಎಂದುಕೊಂಡಿದ್ದೇನೆ.

ಮೊದಲ ಹೆಜ್ಜೆ: ಯಾವ ಕಸ, ಎಲ್ಲಿಂದ ಬಂತು

ಕೈಗಾರಿಕಾ ಸಿ.ಟಿ. ಯಂತ್ರದಲ್ಲಿ ರೋಗಿ ಮಲಗುವುದಿಲ್ಲ, ಟ್ಯೂಬ್ ಸುತ್ತುವುದಿಲ್ಲ. ಎಕ್ಸ್‌-ರೇ ಟ್ಯೂಬೂ ಡಿಟೆಕ್ಟರೂ ನಿಂತಲ್ಲೇ ಇರುತ್ತವೆ, ನಡುವಿನ ತಿರುಗುಮಣೆಯ ಮೇಲೆ ಕಾಸ್ಟಿಂಗ್ ತಿರುಗುತ್ತದೆ. ಪ್ರತಿ ಕೋನಕ್ಕೊಂದು ನೆರಳಿನ ಚಿತ್ರ. ಅದಕ್ಕೆ ಪ್ರೊಜೆಕ್ಷನ್ ಎನ್ನುತ್ತೇವೆ. ಈ ನೆರಳುಗಳನ್ನು ಕೂಡಿಸಿ ಮೂರು ಆಯಾಮದ ಚಿತ್ರ ಕಟ್ಟುವ ಲೆಕ್ಕಕ್ಕೆ ಹೆಚ್ಚಿನ ಕಡೆ ಬಳಸುವುದು 1984ರಲ್ಲಿ ಫೆಲ್ಡ್‌ಕಾಂಪ್, ಡೇವಿಸ್, ಕ್ರೆಸ್ ಮೂವರು ಕೊಟ್ಟ ವಿಧಾನವನ್ನೇ.

ಲೆಕ್ಕ ಸ್ಪಷ್ಟವಾಗಲೆಂದು ಒಂದೇ ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಳ್ಳೋಣ. ಟ್ಯೂಬಿನಿಂದ ಡಿಟೆಕ್ಟರಿಗೆ 1000 ಮಿಲಿಮೀಟರ್, ಟ್ಯೂಬಿನಿಂದ ಕಾಸ್ಟಿಂಗಿಗೆ 400 ಮಿಲಿಮೀಟರ್. ಹಿಗ್ಗುವಿಕೆ 2.5 ಪಟ್ಟು. ಡಿಟೆಕ್ಟರಿನ ಒಂದು ಪಿಕ್ಸೆಲ್ 200 ಮೈಕ್ರಾನ್ ಇದ್ದರೆ ಒಂದು ವಾಕ್ಸೆಲ್, ಅಂದರೆ ಮೂರು ಆಯಾಮದ ಒಂದು ಕಾಳು, 80 ಮೈಕ್ರಾನ್. ಕಾಸ್ಟಿಂಗಿನ ಅಗಲ 120 ಮಿಲಿಮೀಟರ್ ಆದರೆ ಅದು 1500 ಕಾಳು ಅಗಲ. ಎಷ್ಟು ಪ್ರೊಜೆಕ್ಷನ್ ಬೇಕು ಎನ್ನುವುದಕ್ಕೆ ಹಳೆಯ ಅಂದಾಜೊಂದಿದೆ: ಅಗಲದ ಕಾಳುಗಳನ್ನು ಪೈ ಭಾಗಿಸು ಎರಡರಿಂದ ಗುಣಿಸಿ. ಸುಮಾರು 2350. ಒಂದಕ್ಕೆ ಒಂದು ಸೆಕೆಂಡಾದರೂ ಹತ್ತಿರ ಹತ್ತಿರ 40 ನಿಮಿಷ. ಉತ್ಪಾದನೆಯವರು ಬಾಗಿಲಲ್ಲಿ ನಿಂತಿರುವಾಗ 40 ನಿಮಿಷ ಯಾರು ಕೊಡುತ್ತಾರೆ? ಎಂಟುನೂರು ಪ್ರೊಜೆಕ್ಷನ್, 13 ನಿಮಿಷ ಎಂದು ಚೌಕಾಶಿ ಮುಗಿಯುತ್ತದೆ. ಕಸ ಹುಟ್ಟುವುದು ಅಲ್ಲಿಂದ.

ಎಲ್ಲ ಕಸವೂ ಒಂದೇ ಜಾತಿಯದಲ್ಲ. ಇದನ್ನು ಬಿಡಿಸಿಕೊಳ್ಳದೆ ಮುಂದೆ ಹೋದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಮೊದಲನೆಯದು ಗದ್ದಲ, ನಾಯ್ಸ್. ಫೋಟಾನುಗಳು, ಅಂದರೆ ಎಕ್ಸ್‌-ರೇಯ ಕಣಗಳು, ಎಣಿಸಿಕೊಂಡು ಬರುವುದಿಲ್ಲ, ಮಳೆಹನಿಯಂತೆ ಬೀಳುತ್ತವೆ. ಎಣಿಕೆಯ ವರ್ಗಮೂಲದಷ್ಟು ಏರುಪೇರು ಇದ್ದೇ ಇರುತ್ತದೆ. ಖಾಲಿ ಗಾಳಿಯಲ್ಲಿ ಒಂದು ಪಿಕ್ಸೆಲ್‌ಗೆ 20,000 ಫೋಟಾನ್ ಬಿದ್ದರೆ ಏರುಪೇರು 141, ಅಂದರೆ ಶೇಕಡಾ 0.7. ದಪ್ಪ ಲೋಹದ ಹಿಂದೆ ಬರೀ 400 ಬಿದ್ದರೆ ಏರುಪೇರು 20, ಶೇಕಡಾ 5. ಗೋಡೆ ದಪ್ಪವಾದಷ್ಟೂ ಗದ್ದಲ ಜಾಸ್ತಿ, ಮತ್ತು ತೂತುಗಳು ಇಷ್ಟಪಡುವುದೂ ಆ ದಪ್ಪ ಜಾಗಗಳನ್ನೇ, ಏಕೆಂದರೆ ಲೋಹ ಅಲ್ಲಿ ಕೊನೆಗೆ ಹೆಪ್ಪುಗಟ್ಟುತ್ತದೆ. ಗದ್ದಲವನ್ನು ಅರ್ಧ ಮಾಡಲು ನಾಲ್ಕು ಪಟ್ಟು ಹೊತ್ತು ಬೇಕು.

ಎರಡನೆಯದು ಉಂಗುರ. ಡಿಟೆಕ್ಟರಿನ ಒಂದು ಪಿಕ್ಸೆಲ್ ಸುಳ್ಳು ಹೇಳುತ್ತಿದ್ದರೆ ಅದು ಎಲ್ಲ ಕೋನಗಳಲ್ಲೂ ಅದೇ ಸುಳ್ಳು ಹೇಳುತ್ತದೆ. ಸ್ಲೈಸಿನಲ್ಲಿ, ಅಂದರೆ ಮೂರು ಆಯಾಮದ ಚಿತ್ರದ ಒಂದು ಹೋಳಿನಲ್ಲಿ, ಅದು ವೃತ್ತವಾಗಿ ಕಾಣುತ್ತದೆ. ಮೂರನೆಯದು ಬೀಮ್ ಹಾರ್ಡನಿಂಗ್. ಮೆತ್ತಗಿನ ಕಿರಣಗಳು ಲೋಹದ ಹೊರಪದರದಲ್ಲೇ ಸತ್ತು, ಗಟ್ಟಿ ಕಿರಣಗಳು ಮಾತ್ರ ಒಳಗೆ ಹೋಗುವುದರಿಂದ ಗಟ್ಟಿ ಲೋಹದ ನಡುಭಾಗ ಬಟ್ಟಲಿನಂತೆ ಕಪ್ಪಾಗುತ್ತದೆ. ಒಳಗೆ ಉಕ್ಕಿನ ಬುಶ್, ಅಂದರೆ ಕೊಳವೆಯಂಥ ಒಳಬಳೆ, ಇದ್ದರಂತೂ ಸುತ್ತ ಗೀರುಗಳ ಜಾತ್ರೆ. ಚದುರಿದ ಕಿರಣ ಕೂಡ ಇದೇ ಬಗೆಯ ಮಬ್ಬು ತರುತ್ತದೆ.

ಇಲ್ಲಿ ಒಂದು ಗೆರೆ ಎಳೆದುಕೊಳ್ಳಿ. ಗದ್ದಲ ಪ್ರತಿ ಸ್ಕ್ಯಾನಿಗೂ ಬೇರೆ ಬೇರೆ. ಉಂಗುರ, ಬಟ್ಟಲು, ಗೀರು ಪ್ರತಿ ಸಲವೂ ಅವೇ. ಮೂರನೆಯ ಹೆಜ್ಜೆಯಲ್ಲಿ ಈ ಗೆರೆಯೇ ನಮ್ಮನ್ನು ಕಾಯುತ್ತದೆ.

ಎರಡನೆಯ ಹೆಜ್ಜೆ: ಕಲಿಸುವ ಮೊದಲು ಯಂತ್ರವನ್ನೇ ಸರಿಮಾಡಿ

ಯುವಕರಿಗೆ ಈ ಹೆಜ್ಜೆ ಬೇಸರ. ಗ್ರಾಫಿಕ್ಸ್ ಕಾರ್ಡ್ ಬಂದ ದಿನವೇ ಜಾಲಕ್ಕೆ, ಅಂದರೆ ಮಾದರಿಯ ನ್ಯೂರಲ್ ನೆಟ್‌ವರ್ಕಿಗೆ, ಕಲಿಸಲು ಕೂರುತ್ತಾರೆ; ನಾನೂ ಕೂತಿದ್ದೆ. ಭೌತಶಾಸ್ತ್ರದಿಂದ ಹೋಗುವ ಕಸವನ್ನು ಮೊದಲು ಹಾಗೆಯೇ ತೆಗೆಯಿರಿ. ಮಾದರಿಗೆ ಕಡಿಮೆ ಕೆಲಸ ಬಿಟ್ಟಷ್ಟೂ ಅದು ಕಡಿಮೆ ಕಥೆ ಕಟ್ಟುತ್ತದೆ.

ಟ್ಯೂಬ್ ಮುಂದೆ ತಾಮ್ರದ ತಗಡು ಹಾಕಿ. ಅಲ್ಯೂಮಿನಿಯಂ ಕಾಸ್ಟಿಂಗಿಗೆ ಅರ್ಧ ಮಿಲಿಮೀಟರಿನಿಂದ ಶುರುಮಾಡಿ ನೋಡಿ. ಮೆತ್ತಗಿನ ಕಿರಣಗಳು ಅಲ್ಲೇ ನಿಲ್ಲುತ್ತವೆ, ಬಟ್ಟಲು ಆಳ ಕಳೆದುಕೊಳ್ಳುತ್ತದೆ. ಉಳಿದದ್ದಕ್ಕೆ ಅದೇ ಅಲ್ಯೂಮಿನಿಯಂನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ತುಂಡೊಂದನ್ನು ಸ್ಕ್ಯಾನ್ ಮಾಡಿ, ದಪ್ಪಕ್ಕೂ ನೆರಳಿನ ಗಾಢತೆಗೂ ಇರುವ ಸಂಬಂಧವನ್ನು ನೇರ ಗೆರೆಗೆ ತರುವ ಬಹುಪದಿಯನ್ನು ಹೊಂದಿಸಿ. ಕಾಸ್ಟಿಂಗಿನ ಸಪಾಟು ಮುಖ ತಿರುಗುಮಣೆಗೆ ಸಮಾನಾಂತರವಾಗಿ ಕೂರಬಾರದು. ಶಂಕುವಿನಂತೆ ಹರಡುವ ಕಿರಣಕ್ಕೆ ಅಂಥ ಮುಖಗಳ ಬಗ್ಗೆ ಸಾಕಷ್ಟು ಮಾಹಿತಿಯೇ ಸಿಗುವುದಿಲ್ಲ. ಇಪ್ಪತ್ತು ಡಿಗ್ರಿ ವಾಲಿಸಿ ಕೂರಿಸಿ. ಥರ್ಮೋಕೋಲಿನ ಆಸರೆಯಲ್ಲಿ ಇಟ್ಟಿದ್ದರೆ ಹತ್ತು ನಿಮಿಷ ಹಾಗೆಯೇ ಬಿಡಿ, ಭಾರಕ್ಕೆ ಅದು ನಿಧಾನವಾಗಿ ಕುಸಿಯುತ್ತದೆ. ಕಾಲು ಮಿಲಿಮೀಟರ್ ಕುಸಿದರೂ ನಮ್ಮ ಲೆಕ್ಕದಲ್ಲಿ ಮೂರು ಕಾಳು.

ಕಿರಣ ಆರಿಸಿ ತೆಗೆಯುವ ಕತ್ತಲೆಯ ಚಿತ್ರ, ಕಾಸ್ಟಿಂಗ್ ಇಡದೆ ತೆಗೆಯುವ ಖಾಲಿ ಗಾಳಿಯ ಚಿತ್ರ ಎರಡನ್ನೂ ಪ್ರತಿ ಪಾಳಿಯ ಶುರುವಿಗೆ ಹೊಸದಾಗಿ ತೆಗೆಯಿರಿ. ಉಂಗುರಗಳಲ್ಲಿ ಬಹುಪಾಲು ಇಷ್ಟಕ್ಕೇ ಹೋಗುತ್ತವೆ. ಉಳಿದವನ್ನು ಸೈನೋಗ್ರಾಮಿನಲ್ಲಿ, ಅಂದರೆ ಉಂಗುರ ಇನ್ನೂ ನೆಟ್ಟಗಿನ ಗೆರೆಯಾಗಿರುವ ಹಂತದಲ್ಲೇ ಹಿಡಿಯಿರಿ. ಟೋಮೊಪೈ ಎಂಬ ಉಚಿತ ಗ್ರಂಥಾಲಯದಲ್ಲಿ ಇದಕ್ಕೆಂದೇ ನಾಲ್ಕಾರು ವಿಧಾನಗಳಿವೆ. ಚಿತ್ರ ಕಟ್ಟಿದ ಮೇಲೆ ಉಂಗುರ ಅಳಿಸಲು ಹೊರಟರೆ ಕಾಸ್ಟಿಂಗಿನ ದುಂಡು ಬೋರ್ ಕೂಡ ಜತೆಗೆ ಸವೆಯುತ್ತದೆ.

ಇನ್ನು ಕರೆಂಟ್. ಗುರುವಾರ ನಿರ್ವಹಣೆಗೆಂದು ಕರೆಂಟ್ ತೆಗೆಯುವುದು ಪುಣೆಯವರಿಗೆ ಗೊತ್ತಿರುವ ಸಂಗತಿ. ಟ್ಯೂಬ್ ತಣ್ಣಗಾಗಿ ಮತ್ತೆ ಬಿಸಿಯಾಗುವಾಗ ಕಿರಣ ಹೊರಡುವ ಬಿಂದು ಮೈಕ್ರಾನುಗಳ ಲೆಕ್ಕದಲ್ಲಿ ಜರುಗುತ್ತದೆ, ಅಂಚುಗಳು ಎರಡೆರಡಾಗಿ ಕಾಣುತ್ತವೆ. ಕರೆಂಟ್ ಬಂದ ತಕ್ಷಣ ತೆಗೆದ ಸ್ಕ್ಯಾನುಗಳನ್ನು ಕಲಿಕೆಯ ರಾಶಿಗೆ ಸೇರಿಸಬೇಡಿ. ಕಾಕಾ ಅವುಗಳ ಕಡತದ ಹೆಸರಿಗೆ “ಗುರು” ಎಂದು ಸೇರಿಸಿಬಿಡುತ್ತಾರೆ, ಹುಡುಕಿ ಹೊರಗಿಡುವುದು ಸುಲಭ.

ಮೂರನೆಯ ಹೆಜ್ಜೆ: ಕಲಿಕೆಗೆ ಜೋಡಿ ಹುಡುಕುವುದು

ಹೊಲಸು ಚಿತ್ರ ಹೀಗಿರುತ್ತದೆ, ಹಸನಾದದ್ದು ಹೀಗಿರುತ್ತದೆ ಎಂದು ಜಾಲಕ್ಕೆ ಸಾವಿರಾರು ಸಲ ತೋರಿಸಬೇಕು. ಹಸನಾದ ಚಿತ್ರ ಎಲ್ಲಿಂದ ತರುವುದು? ಎರಡು ದಾರಿಗಳನ್ನು ನಾವು ನಡೆದು ನೋಡಿದ್ದೇವೆ.

ಒಂದು, ತಾಳ್ಮೆಯ ದಾರಿ. ರಾತ್ರಿ ಪಾಳಿ ಮುಗಿದ ಮೇಲೆ ಯಂತ್ರ ಖಾಲಿ ಇರುತ್ತದೆ. ಕಾಸ್ಟಿಂಗನ್ನು ಮಣೆಯಿಂದ ಕದಲಿಸದೆ ಮೊದಲು 13 ನಿಮಿಷದ ಅವಸರದ ಸ್ಕ್ಯಾನ್, ಅದರ ಹಿಂದೆಯೇ 2400 ಪ್ರೊಜೆಕ್ಷನ್‌ಗಳ, ಪ್ರತಿ ಕೋನಕ್ಕೆ ನಾಲ್ಕು ಚಿತ್ರಗಳ ಸರಾಸರಿಯ, ಸುಮಾರು ಎರಡೂ ಮುಕ್ಕಾಲು ತಾಸಿನ ನಿಧಾನದ ಸ್ಕ್ಯಾನ್. ಅವಸರದ್ದು ಪ್ರಶ್ನೆ, ನಿಧಾನದ್ದು ಉತ್ತರ. ಎರಡನ್ನೂ ಕಳೆದು ನೋಡಿ. ಅಂಚುಗಳ ಗುಂಟ ಕಪ್ಪು ಬಿಳಿ ಜೋಡಿ ಗೆರೆ ಕಂಡರೆ ನಡುವೆ ಏನೋ ಜರುಗಿದೆ, ಆ ಜೋಡಿ ಬೇಡ. ಪ್ರೊಜೆಕ್ಷನ್ ಕಡಿಮೆಯಾದಾಗ ಬರುವ ಗೀರುಗಳನ್ನೂ ಕಲಿಸಬಹುದು ಎನ್ನುವುದು ಈ ದಾರಿಯ ದೊಡ್ಡ ಲಾಭ.

ಎರಡನೆಯದು ಜಾಣತನದ ದಾರಿ. ಉತ್ತರವೇ ಇಲ್ಲದೆ ಕಲಿಸುವುದು. 2018ರಲ್ಲಿ ಬಂದ ನಾಯ್ಸ್‌ಟುನಾಯ್ಸ್ ಎಂಬ ವಿಚಾರ ಇದಕ್ಕೆ ಬುನಾದಿ: ಒಂದೇ ವಸ್ತುವಿನ ಎರಡು ಹೊಲಸು ಚಿತ್ರಗಳಿದ್ದು, ಅವುಗಳ ಗದ್ದಲ ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ, ಒಂದರಿಂದ ಇನ್ನೊಂದನ್ನು ಊಹಿಸಲು ಕಲಿಸಿದ ಜಾಲ ಕೊನೆಗೆ ಸರಾಸರಿಯನ್ನೇ, ಅಂದರೆ ಹಸನಾದದ್ದನ್ನೇ ಕೊಡುತ್ತದೆ. ಗದ್ದಲವನ್ನು ಊಹಿಸಲು ಯಾರಿಂದಲೂ ಆಗುವುದಿಲ್ಲವಲ್ಲ. ಇದನ್ನು ಸಿ.ಟಿ.ಗೆ ಹೊಂದಿಸಿದವರು ಆಮ್‌ಸ್ಟರ್‌ಡ್ಯಾಮ್‌ನ ಗಣಿತ ಸಂಶೋಧನಾ ಕೇಂದ್ರದವರು, 2020ರಲ್ಲಿ, ನಾಯ್ಸ್‌ಟುಇನ್ವರ್ಸ್ ಎಂಬ ಹೆಸರಿನಲ್ಲಿ. ಪ್ರೊಜೆಕ್ಷನ್‌ಗಳನ್ನು ಇಸ್ಪೀಟು ಹಂಚಿದಂತೆ ನಾಲ್ಕು ಪಾಲು ಮಾಡಿ: ಒಂದನೆಯದು, ಐದನೆಯದು, ಒಂಬತ್ತನೆಯದು ಮೊದಲ ಪಾಲಿಗೆ, ಎರಡನೆಯದು, ಆರನೆಯದು ಎರಡನೆಯ ಪಾಲಿಗೆ, ಹೀಗೆ. ಪ್ರತಿ ಪಾಲಿನಿಂದ ಒಂದೊಂದು ಮೂರು ಆಯಾಮದ ಚಿತ್ರ ಕಟ್ಟಿ. ಮೂರರ ಸರಾಸರಿಯನ್ನು ಒಳಗೆ ಕೊಟ್ಟು ನಾಲ್ಕನೆಯದನ್ನು ಉತ್ತರವಾಗಿ ತೋರಿಸಿ, ಸರದಿ ಬದಲಿಸುತ್ತಾ ಹೋಗಿ.

ಪ್ರೊಜೆಕ್ಷನ್ ಹಂತದಲ್ಲೇ ಹಂಚುವುದು ಏಕೆ ಎಂದು ಹುಡುಗರು ಕೇಳುತ್ತಾರೆ. ಕಟ್ಟಿದ ಚಿತ್ರದಲ್ಲಿ ಪಕ್ಕಪಕ್ಕದ ಕಾಳುಗಳ ಗದ್ದಲ ಒಂದಕ್ಕೊಂದು ಹೆಣೆದುಕೊಂಡಿರುತ್ತದೆ. ಪಕ್ಕದ ಕಾಳನ್ನು ನೋಡಿ ನಡುವಿನದನ್ನು ಊಹಿಸುವ ವಿಧಾನಗಳು ಅಲ್ಲಿ ಗದ್ದಲವನ್ನೇ ಕಲಿತುಬಿಡುತ್ತವೆ. ಬೇರೆ ಬೇರೆ ಪ್ರೊಜೆಕ್ಷನ್‌ಗಳ ಗದ್ದಲ ಹಾಗೆ ಹೆಣೆದುಕೊಂಡಿಲ್ಲ.

ಮೊದಲ ಹೆಜ್ಜೆಯ ಗೆರೆಯನ್ನು ಈಗ ನೆನೆಯಿರಿ. ಉಂಗುರವೂ ಬಟ್ಟಲೂ ನಾಲ್ಕೂ ಪಾಲುಗಳಲ್ಲಿ ಒಂದೇ ರೀತಿ ಇರುತ್ತವೆ. ಜಾಲದ ಕಣ್ಣಿಗೆ ಅವು ಕಾಸ್ಟಿಂಗಿನ ಭಾಗವೇ. ಗದ್ದಲ ಹೋಗಿ ಅವು ಇನ್ನಷ್ಟು ಸ್ಪಷ್ಟವಾಗಿ, ತೊಳೆದಿಟ್ಟಂತೆ ಕಾಣತೊಡಗುತ್ತವೆ. ಮೊದಲ ಸಲ ಇದನ್ನು ಕಂಡಾಗ ಕೋಡಿನಲ್ಲಿ ತಪ್ಪಿದೆ ಎಂದು ಎರಡು ದಿನ ಹುಡುಕಿದ್ದೆ. ತಪ್ಪು ಎಲ್ಲಿಯೂ ಇರಲಿಲ್ಲ, ಎರಡನೆಯ ಹೆಜ್ಜೆಯನ್ನು ಹಾರಿದ್ದೆ ಅಷ್ಟೆ.

ನನ್ನ ಒಲವು ಎರಡನೆಯ ದಾರಿಗೆ. ಅಲ್ಲಿ ಜಾಲ ಕಲಿಯುವುದು ಈ ಕಾಸ್ಟಿಂಗಿನದೇ ಅಳತೆಗಳಿಂದ, ಹೊರಗಿನ ನಿರೀಕ್ಷೆಗಳನ್ನು ಹೊತ್ತು ತರುವುದು ಕಡಿಮೆ. ಪ್ರೊಜೆಕ್ಷನ್ ತೀರಾ ಕಡಿಮೆ ಇರುವ ಕೆಲಸಕ್ಕೆ ಮಾತ್ರ ಮೊದಲ ದಾರಿ ಹಿಡಿಯುತ್ತೇವೆ.

ಯಾವ ದಾರಿಯಾದರೂ ಕಲಿಕೆಯ ರಾಶಿಯಲ್ಲಿ ರಿಜೆಕ್ಟ್ ಆದ ಮಾಲು ಧಾರಾಳವಾಗಿರಲಿ. ಕಪಾಟಿನಲ್ಲಿರುವ ಆ ಹೋಳುಗಳ ಕಥೆ ನಡೆದದ್ದು ಇಲ್ಲಿಯೇ. ಪಾಸಾದ ಕಾಸ್ಟಿಂಗುಗಳ ಸ್ಕ್ಯಾನುಗಳೇ ಅಚ್ಚುಕಟ್ಟಾಗಿ ಜೋಡಿಸಿಟ್ಟಿದ್ದವು, ಅವನ್ನೇ ತೆಗೆದುಕೊಂಡೆ. ಅಲ್ಯೂಮಿನಿಯಂ ಎಂದರೆ ಒಳಗೆಲ್ಲ ಗಟ್ಟಿ ಎಂದು ಮಾದರಿ ಕಲಿಯಿತು. ಮಸುಕು ತೂತೊಂದು ಎದುರು ಬಂದಾಗ ಅದನ್ನು ಗದ್ದಲವೆಂದು ತಿಳಿದು ಮುಚ್ಚಿತು. ಈಗ ನಾವು ಕಲಿಕೆಗೆ ಆಯುವ ತುಣುಕುಗಳಲ್ಲಿ ಅರ್ಧದಷ್ಟರಲ್ಲಾದರೂ ತೂತು ಇರುವಂತೆ ನೋಡಿಕೊಳ್ಳುತ್ತೇವೆ: ಅನಿಲ ಸಿಕ್ಕಿಬಿದ್ದು ಆದ ದುಂಡನೆಯವು, ಲೋಹ ಕುಗ್ಗಿ ಹರಿದು ಆದ ಮೊನಚುಮೊನಚಾದವು, ಎರಡೂ.

ಪರೀಕ್ಷೆಗೆ ತೆಗೆದಿಡುವ ರಾಶಿಯನ್ನು ಕಾಸ್ಟಿಂಗ್ ಲೆಕ್ಕದಲ್ಲಿ ಬೇರೆಮಾಡಿ, ಸ್ಲೈಸ್ ಲೆಕ್ಕದಲ್ಲಿ ಬೇಡ. ನೂರನೆಯ ಸ್ಲೈಸನ್ನು ಕಲಿಕೆಗೂ ನೂರೊಂದನೆಯದನ್ನು ಪರೀಕ್ಷೆಗೂ ಇಟ್ಟರೆ ಪ್ರಶ್ನೆಪತ್ರಿಕೆ ಸೋರಿದಂತೆ. ಒಂದು ಡೈಯ, ಅಂದರೆ ಎರಕದ ಅಚ್ಚಿನ, ಮಾಲನ್ನು ಪೂರ್ತಿ ಹೊರಗಿಡಲಾದರೆ ಇನ್ನೂ ಒಳ್ಳೆಯದು.

ನಾಲ್ಕನೆಯ ಹೆಜ್ಜೆ: ಜಾಲ

ಎಲ್ಲರೂ ಹೆಚ್ಚು ಮಾತನಾಡುವುದು ಇದರ ಬಗ್ಗೆ, ನಾನು ಕಡಿಮೆ ಬರೆಯುತ್ತೇನೆ. 2015ರಲ್ಲಿ ಜೀವಕೋಶಗಳ ಚಿತ್ರಗಳಿಗೆಂದು ಹುಟ್ಟಿದ ಯು-ನೆಟ್ ಎಂಬ ಜಾಲ ಸಾಕು. ಪೈಥಾನಿನ ಪೈಟಾರ್ಚ್ ಗ್ರಂಥಾಲಯದಲ್ಲಿ ಬರೆಯಿರಿ. ಚಿತ್ರ ಕಟ್ಟಲು ಆಸ್ಟ್ರಾ ಅಥವಾ ಟಿಗ್ರೆ (TIGRE) ಎಂಬ ಉಚಿತ ಸಾಧನಗಳಿವೆ; ಮೊದಲನೆಯದರ ಹಿಂದೆ ಆಂಟ್ವರ್ಪ್ ವಿಶ್ವವಿದ್ಯಾಲಯವೂ ಅದೇ ಆಮ್‌ಸ್ಟರ್‌ಡ್ಯಾಮ್ ಕೇಂದ್ರವೂ ಇವೆ, ಎರಡನೆಯದರ ಹಿಂದೆ ಬಾತ್ ವಿಶ್ವವಿದ್ಯಾಲಯವೂ ಸರ್ನ್ ಸಂಸ್ಥೆಯೂ ಇವೆ.

ಗಾತ್ರದ ಅಂದಾಜಿರಲಿ. 2048 ಕಾಳು ಉದ್ದ, ಅಗಲ, ಎತ್ತರದ ಒಂದು ಚಿತ್ರ, ಕಾಳಿಗೆ ಎರಡು ಬೈಟಿನಂತೆ, 17 ಜಿ.ಬಿ. ಆಗುತ್ತದೆ. 24 ಜಿ.ಬಿ. ಮೆಮೊರಿಯ ಕಾರ್ಡಿನಲ್ಲಿ ಇದು ಇಡಿಯಾಗಿ ನಡೆಯುವುದಿಲ್ಲ. ಸುತ್ತಲಿನ ಗಾಳಿಯನ್ನು ಕತ್ತರಿಸಿ ಹಾಕಿ, ಉಳಿದದ್ದನ್ನು 64 ಅಥವಾ 96 ಕಾಳಿನ ಘನಗಳಾಗಿ ತುಂಡುಮಾಡಿ ಕಲಿಸಿ. ಹಸನು ಮಾಡುವಾಗ ತುಂಡುಗಳು ಒಂದರ ಮೇಲೊಂದು ಹಾಯಲಿ, ಅಂಚನ್ನು ಬಿಸಾಕಿ ನಡುಭಾಗವನ್ನಷ್ಟೇ ಇಟ್ಟುಕೊಳ್ಳಿ. ಇಲ್ಲದಿದ್ದರೆ ಚಿತ್ರದ ತುಂಬ ಟೈಲ್ಸ್ ಕೂರಿಸಿದಂಥ ಗೆರೆಗಳು.

ಎರಡು ಎಚ್ಚರಿಕೆಗಳು. ಬೂದುಬಣ್ಣದ ಅಳತೆಗೆ ಎಲ್ಲ ಸ್ಕ್ಯಾನುಗಳಿಗೂ ಒಂದೇ ಕೋಲು ಇರಬೇಕು: ಗಾಳಿ ಸೊನ್ನೆ, ಗಟ್ಟಿ ಅಲ್ಯೂಮಿನಿಯಂ ಒಂದು. ಪ್ರತಿ ಸ್ಕ್ಯಾನಿನ ಕನಿಷ್ಠ, ಗರಿಷ್ಠ ನೋಡಿ ಹಿಗ್ಗಿಸಿದರೆ ಉಕ್ಕಿನ ಬುಶ್ ಇರುವ ಮಾಲಿನಲ್ಲಿ ಅಲ್ಯೂಮಿನಿಯಂ ಬಣ್ಣವೇ ಬದಲಾಗುತ್ತದೆ. ತುಣುಕು ತುಣುಕಿಗೂ ಬೇರೆ ಸಾಮಾನ್ಯೀಕರಣ ಮಾಡುವ ಪದರಗಳನ್ನು ಜಾಲದೊಳಗೆ ಹಾಕದಿರುವುದೂ ಇದೇ ಕಾರಣಕ್ಕೆ. ಇನ್ನೊಂದು: ಚಿತ್ರ ಮುದ್ದಾಗಿ ಕಾಣಲೆಂದು ಒಂದು ಜಾಲವನ್ನು ಇನ್ನೊಂದರ ವಿರುದ್ಧ ಕಾದಾಡಿಸುವ ವಿಧಾನ ಮದುವೆ ಫೋಟೊಗಳಿಗೆ ಚೆನ್ನ. ಅದು ಇರಬಹುದಾದ ವಿವರವನ್ನು ಸೃಷ್ಟಿಸುತ್ತದೆ, ನಮಗೆ ಬೇಕಾದದ್ದು ಇರುವ ವಿವರ. ವ್ಯತ್ಯಾಸದ ವರ್ಗದ ಸರಾಸರಿ ಎಂಬ ಹಳೆಯ ಅಳತೆಗೋಲನ್ನೇ ಇಟ್ಟುಕೊಳ್ಳಿ. ನಾಯ್ಸ್‌ಟುಇನ್ವರ್ಸ್‌ನ ಗಣಿತ ನಿಂತಿರುವುದೂ ಅದರ ಮೇಲೆಯೇ.

ಐದನೆಯ ಹೆಜ್ಜೆ: ತೂತು ಬಚ್ಚಿಟ್ಟು ಹುಡುಕಿಸುವುದು

ಮಾದರಿ ಚೆನ್ನಾಗಿದೆ ಎಂದು ಹೇಗೆ ಗೊತ್ತಾಗುತ್ತದೆ? ಪುಸ್ತಕಗಳು ಹೇಳುವ ಅಂಕಗಳು ಇಡೀ ಚಿತ್ರದ ಸರಾಸರಿ. 400 ಗ್ರಾಂ ಅಲ್ಯೂಮಿನಿಯಂ ನಮ್ಮ ಲೆಕ್ಕದಲ್ಲಿ ಸುಮಾರು 29 ಕೋಟಿ ಕಾಳು. ಅರ್ಧ ಮಿಲಿಮೀಟರಿನ ತೂತು ಅಡ್ಡಕ್ಕೆ ಆರು ಕಾಳು, ಒಟ್ಟು ನೂರಹದಿನೈದರ ಆಸುಪಾಸು. 29 ಕೋಟಿಯಲ್ಲಿ ನೂರಹದಿನೈದು ತಪ್ಪಿದರೆ ಸರಾಸರಿಯ ಕೂದಲೂ ಕೊಂಕುವುದಿಲ್ಲ. ನನ್ನ ಆ ಮೊದಲ ಮಾದರಿಯ ಅಂಕಗಳು ಬಹಳ ಚೆನ್ನಾಗಿದ್ದವು.

ಅದಕ್ಕೇ ತೂತುಗಳನ್ನು ನಾವೇ ಬಚ್ಚಿಡುತ್ತೇವೆ. ಗಟ್ಟಿ ಎಂದು ಖಚಿತವಾಗಿ ಗೊತ್ತಿರುವ ಜಾಗ ಆರಿಸಿ, ಅಲ್ಲೊಂದು ತೂತು ಇದ್ದಿದ್ದರೆ ಪ್ರತಿ ಕೋನದ ನೆರಳು ಎಷ್ಟು ತಿಳಿಯಾಗುತ್ತಿತ್ತು ಎಂದು ಆಸ್ಟ್ರಾದಲ್ಲಿ ಲೆಕ್ಕ ಹಾಕಿ. ಲಾಗರಿದಮ್ ತೆಗೆದ ಪ್ರೊಜೆಕ್ಷನ್‌ಗಳಿಂದ ಅಷ್ಟನ್ನು ಕಳೆಯಿರಿ. ಆಮೇಲೆ ಎಂದಿನಂತೆ ಚಿತ್ರ ಕಟ್ಟಿ, ಹಸನು ಮಾಡಿ. ಗದ್ದಲ ನಿಜವಾದದ್ದು, ಉಂಗುರ ನಿಜವಾದದ್ದು, ತೂತು ಮಾತ್ರ ನಮ್ಮದು. ಎಲ್ಲಿದೆ, ಎಷ್ಟು ದೊಡ್ಡದು ಎಂಬುದು ನಮಗೆ ಗೊತ್ತು. ಕಟ್ಟಿದ ಚಿತ್ರದಲ್ಲೇ ನೇರವಾಗಿ ಕಪ್ಪು ಚುಕ್ಕೆ ಬರೆಯುವ ಸುಲಭದ ದಾರಿ ಹಿಡಿಯಬೇಡಿ, ಅದು ನಿಜದ ತೂತಿನಂತೆ ಮಸುಕಾಗಿರುವುದಿಲ್ಲ. ಪ್ರೊಜೆಕ್ಷನ್‌ನಲ್ಲಿ ಕಳೆಯುವಾಗಲೂ ಕಿರಣದ ಬಿಂದುವಿನ ಅಗಲ, ಡಿಟೆಕ್ಟರಿನ ಮಬ್ಬು ಎರಡನ್ನೂ ಸೇರಿಸಿ. ಚೂಪಾದ ತೂತು ಸುಲಭವಾಗಿ ಬದುಕಿಕೊಳ್ಳುತ್ತದೆ, ಪರೀಕ್ಷೆ ಸಡಿಲವಾಗುತ್ತದೆ. ಆಕಾರಕ್ಕೆ ಗೋಲಿಗಳು ಸಾಲವು. ನಿಧಾನದ ಸ್ಕ್ಯಾನುಗಳಲ್ಲಿ ಕಂಡ ನಿಜದ ತೂತುಗಳ ಆಕಾರವನ್ನೇ ಎರವಲು ಪಡೆಯಿರಿ.

ಎಷ್ಟು ಬಚ್ಚಿಡಬೇಕು? ತಪಾಸಣೆಯವರಿಗೆ 29 ಎಂಬ ಸಂಖ್ಯೆ ಪರಿಚಿತ. ಒಂದೇ ಗಾತ್ರದ 29 ತೂತುಗಳಲ್ಲಿ 29ನ್ನೂ ಹಿಡಿದರೆ, ಆ ಗಾತ್ರದ ತೂತನ್ನು ನೂರಕ್ಕೆ ತೊಂಬತ್ತು ಸಲವಾದರೂ ಹಿಡಿಯುತ್ತೇವೆ ಎಂದು ಶೇಕಡಾ 95ರ ಭರವಸೆಯಿಂದ ಹೇಳಬಹುದು. ಲೆಕ್ಕ ಸರಳ: 0.9ನ್ನು 29 ಸಲ ಗುಣಿಸಿದರೆ 0.05ಕ್ಕಿಂತ ಕಡಿಮೆ. ಒಂದು ತಪ್ಪಿಸಿಕೊಂಡರೆ 46 ಬಚ್ಚಿಟ್ಟು 45 ಹಿಡಿಯಬೇಕು. ಮೂರು ಕಾಳು ಅಡ್ಡಗಲದಿಂದ ಶುರುಮಾಡಿ ಹತ್ತರವರೆಗೆ ಪ್ರತಿ ಗಾತ್ರಕ್ಕೂ ಹೀಗೆ ಮಾಡಿ. ದಪ್ಪ ಗೋಡೆ, ತೆಳು ಗೋಡೆ, ಬುಶ್ ಪಕ್ಕ, ಎಲ್ಲ ಕಡೆ ಹಂಚಿ. ಹಸನು ಮಾಡದ ಮೂಲ ಸ್ಕ್ಯಾನಿಗೂ ಇದೇ ಪರೀಕ್ಷೆ ಕೊಡುವುದನ್ನು ಮರೆಯಬೇಡಿ. ಹಸನು ಮಾಡಿದ್ದು ಮೂಲಕ್ಕಿಂತ ಹೆಚ್ಚು ತೂತು ಹಿಡಿಯದಿದ್ದರೆ ಮಾದರಿಯ ಅಗತ್ಯವೇನು? ಇಲ್ಲದ ತೂತನ್ನು ಎಷ್ಟು ಕಡೆ ತೋರಿಸಿತು ಎಂಬುದನ್ನೂ ಎಣಿಸಿ.

ಬಚ್ಚಿಡುವ ಜಾಗಗಳನ್ನು ನಮ್ಮಲ್ಲಿ ಕಾಕಾ ಆರಿಸುತ್ತಾರೆ, ನನಗೆ ಹೇಳುವುದಿಲ್ಲ. ಅಂಗಡಿಯಲ್ಲಿ ಉಳಿದವರು ಮರಾಠಿಯಲ್ಲಿ ಭೋಕ್ ಎನ್ನುತ್ತಾರೆ. ಕಾಕಾ ಪಟ್ಟಿಯ ಮೇಲೆ ಕನ್ನಡದಲ್ಲಿ “ತೂತು” ಎಂದು ಬರೆದು ಮಡಚಿ ಜೇಬಿಗಿಟ್ಟುಕೊಳ್ಳುತ್ತಾರೆ.

ಕೊನೆಯ ಸಾಕ್ಷಿ ಗರಗಸ. ಮಾದರಿಯನ್ನು ಕೆಲಸಕ್ಕೆ ಹಚ್ಚುವ ಮೊದಲು ಕೆಲವು ಕಾಸ್ಟಿಂಗುಗಳನ್ನು ಕೊಯ್ದು, ಪಾಲಿಶ್ ಮಾಡಿ, ಸ್ಕ್ಯಾನಿನ ಅದೇ ಸ್ಲೈಸಿನ ಜತೆ ಹೋಲಿಸಿ. ಮೆತ್ತಗಿನ ಅಲ್ಯೂಮಿನಿಯಂ ಪಾಲಿಶ್ ಮಾಡುವಾಗ ಹರಡಿ ತೂತಿನ ಬಾಯಿ ಮುಚ್ಚುವುದುಂಟು, ಆದ್ದರಿಂದ ನಿಧಾನವಾಗಿ ಉಜ್ಜಬೇಕು.

ಆರನೆಯ ಹೆಜ್ಜೆ: ಜೊಳ್ಳು ನೋಡುವುದು

ಮೂಲ ಚಿತ್ರದಿಂದ ಹಸನಾದ ಚಿತ್ರವನ್ನು ಕಳೆಯಿರಿ. ಉಳಿದದ್ದು ಮಾದರಿ ಎತ್ತಿ ಎಸೆದದ್ದು. ನಾವು ಅದಕ್ಕೆ ಜೊಳ್ಳು ಎಂದೇ ಹೆಸರಿಟ್ಟಿದ್ದೇವೆ, ಕಂಪ್ಯೂಟರಿನ ಕಡತಕ್ಕೂ ಅದೇ ಹೆಸರು.

ಒಳ್ಳೆಯ ಜೊಳ್ಳು ಹಳೆಯ ಟಿ.ವಿ.ಯಲ್ಲಿ ಚಾನೆಲ್ ಸಿಗದಾಗ ಕಾಣುತ್ತಿದ್ದ ಚುಕ್ಕೆಗಳಂತಿರುತ್ತದೆ. ದಪ್ಪ ಲೋಹದ ಉದ್ದಕ್ಕೂ ಚುಕ್ಕೆ ಒರಟಾಗಿ, ಗೀರುಗೀರಾಗಿ ಇದ್ದರೆ ಗಾಬರಿ ಬೇಡ, ಗದ್ದಲ ಅಲ್ಲಿ ಹೆಚ್ಚು. ಆದರೆ ಜೊಳ್ಳಿನಲ್ಲಿ ಕಾಸ್ಟಿಂಗಿನ ರೂಪರೇಖೆ ಕಂಡರೆ, ಬೋಲ್ಟಿನ ತೂತಿನ ಸುತ್ತ ತೆಳು ಬಳೆ ಕಂಡರೆ, ಮಾದರಿ ಅಂಚುಗಳನ್ನು ಸವೆಸುತ್ತಿದೆ. ಒಂದು ಸ್ಕ್ಯಾನಿನಲ್ಲಿ ಇದು ಗದ್ದಲದಲ್ಲಿ ಮುಳುಗಿರಬಹುದು. ಒಂದೇ ಡೈಯ, ಒಂದೇ ಆಸರೆಯಲ್ಲಿ ಕೂರಿಸಿದ ಇಪ್ಪತ್ತು ಕಾಸ್ಟಿಂಗುಗಳ ಜೊಳ್ಳನ್ನು ಒಂದರ ಮೇಲೊಂದು ಹೊಂದಿಸಿ ಸರಾಸರಿ ತೆಗೆಯಿರಿ. ಗದ್ದಲ ನಾಲ್ಕೂವರೆ ಪಟ್ಟು ಇಳಿದು, ಪ್ರತಿ ಸಲವೂ ಕದ್ದದ್ದು ಮೇಲೆ ತೇಲುತ್ತದೆ.

ತೂತುಗಳು ಪ್ರತಿ ಕಾಸ್ಟಿಂಗಿನಲ್ಲೂ ಬೇರೆ ಕಡೆ ಇರುವುದರಿಂದ ಸರಾಸರಿ ಅವನ್ನು ತೋರಿಸುವುದಿಲ್ಲ. ಅದಕ್ಕೆ ಬೇರೆ ಉಪಾಯ. ಮಾದರಿ ತೂತನ್ನು ಮುಚ್ಚಿದ್ದರೆ ಅಲ್ಲಿ ಮೂಲಕ್ಕಿಂತ ಹಸನಾದದ್ದು ಬಿಳುಪು, ಆದ್ದರಿಂದ ಜೊಳ್ಳಿನಲ್ಲಿ ಕಪ್ಪು ಕಲೆ ಉಳಿಯುತ್ತದೆ. ಅದನ್ನು ಯಂತ್ರದಿಂದಲೇ ಹುಡುಕಿಸಬಹುದು, ಆದರೆ ಒಂದೊಂದೇ ಕಾಳಿನ ಮೇಲೆ ಮಿತಿ ಇಟ್ಟರೆ ಕೆಟ್ಟಿರಿ. 29 ಕೋಟಿ ಕಾಳುಗಳಲ್ಲಿ ಕಪ್ಪಿನ ಕಡೆಗೆ ಮೂರು ಸಿಗ್ಮಾ, ಅಂದರೆ ಎಂದಿನ ಏರುಪೇರಿನ ಮೂರು ಪಟ್ಟು, ದಾಟಿದ್ದೆಲ್ಲ ಅನುಮಾನಾಸ್ಪದ ಎಂದರೆ ಬರೀ ಗದ್ದಲದಿಂದಲೇ ಸುಮಾರು ನಾಲ್ಕು ಲಕ್ಷ ಚುಕ್ಕೆಗಳು ಏಳುತ್ತವೆ. ಮೊದಲು ಜೊಳ್ಳನ್ನು ನೀವು ಹುಡುಕುತ್ತಿರುವ ತೂತಿನ ಗಾತ್ರಕ್ಕೆ, ಎಂದರೆ ಐದಾರು ಕಾಳಿನಗಲಕ್ಕೆ, ಮಸುಕು ಮಾಡಿ. ಗದ್ದಲ ಒಂದಕ್ಕೊಂದು ತಟ್ಟಿ ಕುಗ್ಗುತ್ತದೆ, ತೂತಿನ ಕಲೆ ಅಷ್ಟಾಗಿ ಕುಗ್ಗುವುದಿಲ್ಲ. ಆ ಜಾಗದ ಸುತ್ತಮುತ್ತಲಿನ ಏರುಪೇರಿನಿಂದ ಭಾಗಿಸಿ, ಐದು ಸಿಗ್ಮಾ ದಾಟಿದ್ದನ್ನು ಮಾತ್ರ ಎತ್ತಿ. ಪಟ್ಟಿ ಬೆರಳೆಣಿಕೆಗೆ ಇಳಿಯುತ್ತದೆ, ಒಂದೊಂದನ್ನೂ ಮನುಷ್ಯರು ಮೂಲ ಸ್ಕ್ಯಾನಿನಲ್ಲಿ ನೋಡಬಹುದು.

ಕಪಾಟಿನ ಕಾಸ್ಟಿಂಗಿನ ಹಳೆಯ ಸ್ಕ್ಯಾನಿಗೆ ಇದನ್ನು ಹಚ್ಚಿ ನೋಡಿದೆವು. ಪಟ್ಟಿಯ ಮೊದಲ ಸಾಲಿನಲ್ಲೇ ಓ-ರಿಂಗ್ ಗ್ರೂವಿನ ಜಾಗ ಬಂತು. ಕಾಕಾ ಪರದೆಯ ಮೇಲಿನ ಕಪ್ಪು ಕಲೆಯನ್ನು ಬೆರಳಿನಿಂದ ಮುಟ್ಟಿ, “ಇಗೋ, ಕಾಳು” ಎಂದರು.

ಏಳನೆಯ ಹೆಜ್ಜೆ: ದಿನದ ಕೆಲಸಕ್ಕೆ ಹಚ್ಚುವುದು

ಹಸನಾದ ಚಿತ್ರದಿಂದ ತೂತು ಹುಡುಕಿ, ಆದರೆ ಅದರಿಂದ ಅಳತೆ ತೆಗೆಯಲು ಅವಸರ ಮಾಡಬೇಡಿ. ಅಂಚು ಅರ್ಧ ಕಾಳು ಜರುಗಿದರೂ 40 ಮೈಕ್ರಾನ್ ವ್ಯತ್ಯಾಸ. ಅಳತೆಗೂ ಬಳಸಬೇಕೆಂದರೆ, ದೂರ ಗೊತ್ತಿರುವ ಮಾಣಿಕ್ಯದ ಗುಂಡುಗಳ ಕೋಲನ್ನು ಸ್ಕ್ಯಾನ್ ಮಾಡಿ, ಹಸನು ಮಾಡುವ ಮೊದಲೂ ಆಮೇಲೂ ಗುಂಡುಗಳ ವ್ಯಾಸ, ನಡುವಿನ ದೂರ ಎರಡನ್ನೂ ಅಳೆಯಿರಿ. ದೂರ ಸರಿಯಾಗಿಯೇ ಬರುತ್ತದೆ, ಅಂಚಿನ ತಪ್ಪು ಎರಡೂ ಕಡೆ ಸಮನಾಗಿ ಕಳೆದುಹೋಗುತ್ತದೆ. ಬಣ್ಣ ಬಯಲಾಗುವುದು ವ್ಯಾಸದಲ್ಲಿ.

ಮಿಶ್ರಲೋಹ ಬದಲಾದರೆ, ಟ್ಯೂಬಿನ ವೋಲ್ಟೇಜ್ ಬದಲಾದರೆ, ಡೈ ದುರಸ್ತಿಯಾಗಿ ಬಂದರೆ, ಐದನೆಯ ಹೆಜ್ಜೆಯನ್ನು ಮತ್ತೆ ಮಾಡಿ. ಕಲಿಕೆಯನ್ನು ಮತ್ತೆ ಮಾಡಬೇಕೋ ಬೇಡವೋ ಎಂಬುದನ್ನು ಬಚ್ಚಿಟ್ಟ ತೂತುಗಳೇ ಹೇಳುತ್ತವೆ. ವರದಿಯಲ್ಲಿ ಮೂಲ ಮತ್ತು ಹಸನಾದ ಸ್ಲೈಸ್ ಎರಡನ್ನೂ ಪಕ್ಕಪಕ್ಕ ಹಾಕಿ, ಯಾವ ಮಾದರಿ, ಯಾವ ದಿನ ಕಲಿಸಿದ್ದು ಎಂದು ಕೆಳಗೆ ಬರೆಯಿರಿ. ಇಷ್ಟು ಗಾತ್ರಕ್ಕಿಂತ ಸಣ್ಣ ತೂತಿನ ಬಗ್ಗೆ ನಾವು ಏನೂ ಹೇಳುವುದಿಲ್ಲ ಎಂಬ ಸಾಲೂ ಇರಲಿ. ನಮ್ಮ 80 ಮೈಕ್ರಾನಿಗೆ ಅದು ಮೂರು ಕಾಳು, 0.24 ಮಿಲಿಮೀಟರ್. ಗಿರಾಕಿಗೆ ಈ ಸಾಲು ಮೊದಲು ಹಿಡಿಸುವುದಿಲ್ಲ.

ಡಿಸ್ಕ್ ಬೇಗ ತುಂಬುತ್ತದೆ. ನಿಧಾನದ ಒಂದು ಸ್ಕ್ಯಾನಿನ ಪ್ರೊಜೆಕ್ಷನ್‌ಗಳೇ 20 ಜಿ.ಬಿ., ಅದರ ಮೇಲೆ ಕಟ್ಟಿದ ಚಿತ್ರ, ಹಸನಾದ ಚಿತ್ರ, ಜೊಳ್ಳು. ಜಾಗ ಮಾಡಬೇಕಾದಾಗ ಎಲ್ಲರ ಕೈ ಮೊದಲು ಹೋಗುವುದು ಹಳೆಯ ಪ್ರೊಜೆಕ್ಷನ್‌ಗಳ ಕಡೆ, ಏಕೆಂದರೆ ಅವನ್ನು ಯಾರೂ ತೆರೆದು ನೋಡುವುದಿಲ್ಲ. ನಾವು ಮೊದಲು ಅಳಿಸುವುದು ಹಸನಾದ ಚಿತ್ರವನ್ನು. ಪ್ರೊಜೆಕ್ಷನ್‌ಗಳೂ ಮಾದರಿಯೂ ಇದ್ದರೆ ಒಂದು ರಾತ್ರಿಯಲ್ಲಿ ಅದನ್ನು ಮತ್ತೆ ಮಾಡಿಕೊಳ್ಳಬಹುದು, ಬುಧವಾರ ರಾತ್ರಿಯೊಂದನ್ನು ಬಿಟ್ಟು.